ಕೈಯ ಭಾರ, ಕಾಲಿನ ಅಳತೆ: ಓದುಗರ ಬಾಕ್ಸಿಂಗ್ ಪ್ರಶ್ನೆಗಳಿಗೆ ಹಲಸೂರಿನ ಮಾಸ್ಟರ್ ಉತ್ತರ

ಹಲಸೂರು ಕೆರೆಯ ಹತ್ತಿರ ಒಂದು ತಗಡಿನ ಸೂರಿನಡಿ ಮೂವತ್ತು ವರ್ಷದಿಂದ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದೇನೆ. ಪತ್ರಿಕೆಯವರು ಈ ಸಲ ಕಳಿಸಿದ ಪತ್ರಗಳ ಕಟ್ಟು ಬಿಚ್ಚಿದರೆ ಬಹುಪಾಲು ಒಂದೇ ವಿಷಯ: ಏಟಿನ ಜೋರು. ಅದು ಎಷ್ಟು ಮುಖ್ಯ, ಇಲ್ಲದವರು ಏನು ಮಾಡಬೇಕು, ಇದ್ದವರು ಯಾಕೆ ಸೋಲುತ್ತಾರೆ. ತೂಕ ಇಳಿಸುವುದು, ಊಟ, ಗ್ಲೌಸ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಬೇಕು. ಇವತ್ತು ಇದೊಂದೇ.

ಪ್ರಶ್ನೆ: ಮಾಸ್ಟರ್, ನಮಸ್ಕಾರ. ನನಗೆ ಇಪ್ಪತ್ತು ವರ್ಷ, ತೂಕ 71 ಕೆ.ಜಿ. ಎರಡು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನಾನು ಬಲಗೈ ಬಿಟ್ಟರೆ ಬ್ಯಾಗ್ ಹಿಡಿದವರು ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಆದರೆ ಸ್ಪಾರಿಂಗ್‌ನಲ್ಲಿ (ಜೋಡಿಯಾಗಿ ಆಡುವ ಅಭ್ಯಾಸದಲ್ಲಿ) 60 ಕೆ.ಜಿ.ಯ ಹುಡುಗನೊಬ್ಬ ನನ್ನನ್ನು ಸುತ್ತಿಸಿ ಸುತ್ತಿಸಿ ಸುಸ್ತು ಮಾಡುತ್ತಾನೆ. ನಮ್ಮ ಕೋಚ್ ‘ಪವರ್ ಮರೆತುಬಿಡು, ಕಾಲು ನೋಡಿಕೋ’ ಅನ್ನುತ್ತಾರೆ. ಅಮೆರಿಕದ ಡಿಯಾಂಟೆ ವೈಲ್ಡರ್ ಬರೀ ಬಲಗೈ ಇಟ್ಟುಕೊಂಡೇ ವಿಶ್ವ ಚಾಂಪಿಯನ್ ಆಗಲಿಲ್ಲವೇ? ನೂರಕ್ಕೆ ಪವರ್‌ಗೆ ನೀವು ಎಷ್ಟು ಅಂಕ ಕೊಡುತ್ತೀರಿ?
– ಇಂಜಿನಿಯರಿಂಗ್ ವಿದ್ಯಾರ್ಥಿ, ರಾಜಾಜಿನಗರ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. 1985ರಲ್ಲಿ ನನಗೆ ಇಪ್ಪತ್ತೊಂದು. ಆಗ ನಮ್ಮ ಕಡೆ ಚರ್ಮದ ಬ್ಯಾಗ್ ಇರಲಿಲ್ಲ. ಗೋಣಿಚೀಲಕ್ಕೆ ಮರಳು, ಮರದ ಹೊಟ್ಟು ತುಂಬಿ ಹೊಂಗೆ ಮರದ ಕೊಂಬೆಗೆ ಕಟ್ಟುತ್ತಿದ್ದೆವು. ನನ್ನ ಬಲಗೈ ಬಿದ್ದರೆ ಕೊಂಬೆ ನಡುಗಿ ಎಲೆ ಉದುರುತ್ತಿತ್ತು. ‘ಇವನ ಕೈ ಭಾರ ಕಣ್ರೋ’ ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತಿನ ರುಚಿ ಹತ್ತಿತು ನನಗೆ. ಎಡಗೈ ಅಭ್ಯಾಸ ಕಡಿಮೆಯಾಯಿತು, ಹಗ್ಗ ಆಡುವುದು ಕಡಿಮೆಯಾಯಿತು. ಆ ವರ್ಷ ರಾಜ್ಯ ಮಟ್ಟದ ಫೈನಲ್‌ನಲ್ಲಿ ನನ್ನೆದುರು ಬಂದವನು ಸಣಕಲು ಹುಡುಗ. ಅವನ ಏಟಿನಲ್ಲಿ ನೋವೇ ಇರಲಿಲ್ಲ. ಆದರೆ ಅವನ ಜ್ಯಾಬ್ (ಮುಂದಿಟ್ಟ ಕೈಯ ಚುಟುಕು ನೇರ ಏಟು) ಬಂದು ನನ್ನ ಮುಖ ಮುಟ್ಟುತ್ತಿತ್ತು, ಅವನು ನನ್ನ ಎಡಗಡೆಗೆ ಒಂದು ಹೆಜ್ಜೆ ಸರಿಯುತ್ತಿದ್ದ, ನನ್ನ ಬಲಗೈ ಹೊರಟಾಗ ಅವನು ಅಲ್ಲಿರುತ್ತಿರಲಿಲ್ಲ. ಮೂರನೇ ರೌಂಡ್‌ನಲ್ಲಿ ಒಂದೇ ಒಂದು ಸಲ ನನ್ನ ಬಲಗೈ ಪೂರ್ತಿ ಬಿತ್ತು. ಅವನು ತಲೆ ತಗ್ಗಿಸಿದ್ದ. ಏಟು ಬಿದ್ದಿದ್ದು ಹಣೆಯ ಮೇಲೆ. ಅಂಗೈ ಹಿಂಬದಿಯ ಮೂಳೆ ಮುರಿದಿದ್ದು ನನ್ನದು. ಕಪ್ ಅವನು ತೆಗೆದುಕೊಂಡು ಹೋದ. ಚಳಿಗಾಲದಲ್ಲಿ ಈಗಲೂ ಆ ಮೂಳೆ ನೋಯುತ್ತದೆ. ಆ ಸೋಲನ್ನು ನಾನು ಯಾವತ್ತೂ ಹಗುರಾಗಿ ತೆಗೆದುಕೊಂಡಿಲ್ಲ. ಇವತ್ತು ಮಕ್ಕಳಿಗೆ ಹೇಳಿಕೊಡುವುದರಲ್ಲಿ ಅರ್ಧ ಅಲ್ಲಿಂದಲೇ ಬಂದಿದೆ.

ಹಾಗಂತ ‘ಪವರ್ ಮರೆತುಬಿಡು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿನ್ನ ಕೋಚ್ ಯಾವ ಅರ್ಥದಲ್ಲಿ ಹೇಳಿದರೋ ಅದು ಸರಿಯಿರಬಹುದು. ಆದರೆ ಏಟಿನ ಜೋರು ಮಾಡುವ ಒಂದು ಕೆಲಸವನ್ನು ಬೇರೆ ಯಾವುದೂ ಮಾಡಲಾರದು. ನೀನೇ ಹೆಸರೆತ್ತಿದ ವೈಲ್ಡರ್‌ನನ್ನು ತೆಗೆದುಕೋ. 2019ರ ನವೆಂಬರ್‌ನಲ್ಲಿ ಕ್ಯೂಬಾದ ಲೂಯಿಸ್ ಒರ್ಟಿಝ್ ಜೊತೆ ಎರಡನೇ ಸಲ ಆಡಿದ. ಆರು ರೌಂಡ್ ಮುಗಿದಾಗ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಒರ್ಟಿಝ್ ಮುಂದಿದ್ದ. ಏಳನೇ ರೌಂಡ್‌ನಲ್ಲಿ ಒಂದು ನೇರ ಬಲಗೈ, ಪಂದ್ಯ ಮುಗಿಯಿತು. ಆರು ರೌಂಡ್‌ಗಳ ಲೆಕ್ಕವನ್ನು ಒಂದು ಕ್ಷಣದಲ್ಲಿ ಅಳಿಸಿಹಾಕುವ ಗುಣ ವೇಗಕ್ಕಿಲ್ಲ, ದಮ್ಮಿಗಿಲ್ಲ, ಬುದ್ಧಿಗೂ ಇಲ್ಲ. ಜೊತೆಗೆ ಇನ್ನೊಂದಿದೆ. ಎದುರಿನವನ ಏಟು ನೋಯಿಸುತ್ತದೆ ಎಂದು ಗೊತ್ತಾದ ಕೂಡಲೇ ಮನುಷ್ಯ ಬೇರೆ ಥರ ಆಡುತ್ತಾನೆ. ಅರ್ಧ ಹೆಜ್ಜೆ ದೂರ ನಿಲ್ಲುತ್ತಾನೆ, ಕೈ ಬಿಟ್ಟು ಬೇಗ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಆ ಭಯದಿಂದ ನಿನಗೆ ಸಿಗುವ ಜಾಗ ಇದೆಯಲ್ಲ, ಅದು ದೊಡ್ಡ ಆಸ್ತಿ.

ಆದರೆ ಅದೇ ವೈಲ್ಡರ್‌ನ ಮುಂದಿನ ಪುಟ ನೋಡು. 2020ರ ಫೆಬ್ರವರಿಗೆ ಮೊದಲು ಅವನ ದಾಖಲೆ 42 ಗೆಲುವು, ಅದರಲ್ಲಿ 41 ನಾಕೌಟ್, ಒಂದು ಡ್ರಾ. ಆ ಡ್ರಾ 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಟೈಸನ್ ಫ್ಯೂರಿ ಜೊತೆ ಆಗಿದ್ದು. ಹನ್ನೆರಡನೇ ರೌಂಡ್‌ನಲ್ಲಿ ಫ್ಯೂರಿ ಅಂಗಾತ ಬಿದ್ದು, ಎಣಿಕೆ ಮುಗಿಯುವ ಮುನ್ನ ಎದ್ದು ನಿಂತ. 2020ರ ಫೆಬ್ರವರಿಯ ಎರಡನೇ ಪಂದ್ಯದಲ್ಲಿ ಫ್ಯೂರಿ ಹಿಂದಕ್ಕೆ ಓಡಲೇ ಇಲ್ಲ, ಮುಂದಕ್ಕೆ ಬಂದ. ಬಲಗೈ ಬಿಡಲು ವೈಲ್ಡರ್‌ಗೆ ಹಿಂಗಾಲು ಊರಿ ನಿಲ್ಲಬೇಕಿತ್ತು. ಹಿಂದಕ್ಕೆ ನೂಕಿಸಿಕೊಳ್ಳುತ್ತಿರುವವನಿಗೆ ಊರಲು ನೆಲ ಎಲ್ಲಿ ಸಿಗುತ್ತದೆ? ಏಳನೇ ರೌಂಡ್‌ನಲ್ಲಿ ವೈಲ್ಡರ್‌ನ ಕಡೆಯ ತರಬೇತುದಾರರೇ ಸೋಲೊಪ್ಪಿ ಟವೆಲ್ ಎಸೆದರು. 2023ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ಜೋಸೆಫ್ ಪಾರ್ಕರ್ ಜೊತೆ ಹನ್ನೆರಡು ರೌಂಡ್ ಪೂರ್ತಿ ಆ ಒಂದು ಬಲಗೈಗೆ ಜಾಗ ಹುಡುಕುತ್ತ, ಕೈಯೇ ಬಿಡದೆ ಕಾದು, ಅಂಕಗಳಲ್ಲಿ ಸೋತ. ಅಷ್ಟು ಹೊತ್ತಿಗೆ ಅವನ ಕೈಯ ಭಾರ ಎಲ್ಲೂ ಹೋಗಿರಲಿಲ್ಲ. ಆ ಭಾರವನ್ನು ಹೊತ್ತು ತಲುಪಿಸುವ ದಾರಿಯನ್ನು ಎದುರಿನವರು ಮುಚ್ಚಿದ್ದರು.

ನೂರಕ್ಕೆ ಎಷ್ಟು ಅಂಕ ಎಂದು ಕೇಳಿದ್ದೀಯ. ನೀನು ಲೆಕ್ಕ ಓದುವ ಹುಡುಗ, ಹಾಗಾಗಿ ಹೀಗೆ ಹೇಳುತ್ತೇನೆ. ಇದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಅಳತೆ, ಸಮಯ, ದಮ್ಮು, ಕಾಪು, ಜೋರು ಇವನ್ನೆಲ್ಲ ಒಂದರಿಂದ ಒಂದನ್ನು ಗುಣಿಸಬೇಕು. ನಿನ್ನ ಅಳತೆ ಸೊನ್ನೆಯಾದರೆ ಜೋರು ಸಾವಿರ ಇದ್ದರೂ ಉತ್ತರ ಸೊನ್ನೆ. ಜೋರು ಬರೀ ಎರಡಿದ್ದು ಮಿಕ್ಕದ್ದೆಲ್ಲ ಹತ್ತಿದ್ದರೆ ಉತ್ತರ ದೊಡ್ಡದೇ ಬರುತ್ತದೆ. ಆ 60 ಕೆ.ಜಿ. ಹುಡುಗನದ್ದು ಈ ಎರಡನೇ ಲೆಕ್ಕ. ಇವುಗಳಲ್ಲಿ ಯಾವುದು ಮೊದಲು ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ ಅಳತೆ ಎನ್ನುತ್ತೇನೆ. ಅಂದರೆ ನಿನಗೂ ಅವನಿಗೂ ನಡುವಿನ ಜಾಗ, ಆ ಜಾಗವನ್ನು ಕಾಲಿನಿಂದ ಆಳುವುದು. ಉಕ್ರೇನಿನ ಉಸಿಕ್‌ನನ್ನು ನೋಡು. 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದವನು. ಹೆವಿವೇಟ್‌ನಲ್ಲಿ, ಅಂದರೆ ಅತಿ ಭಾರದವರ ವಿಭಾಗದಲ್ಲಿ, ತನಗಿಂತ ಎತ್ತರದ, ತನಗಿಂತ ಭಾರದ ಬ್ರಿಟನ್ನಿನ ಆಂಥೊನಿ ಜೋಶುವಾನನ್ನು ಎರಡು ಸಲ, ಫ್ಯೂರಿಯನ್ನು ಎರಡು ಸಲ ಸೋಲಿಸಿದ. ಆ ಪಂದ್ಯಗಳನ್ನು ಹಾಕಿಕೊಂಡು ಕೈ ನೋಡಬೇಡ, ಮೊಣಕಾಲಿನ ಕೆಳಗೆ ಮಾತ್ರ ನೋಡು.

ಈಗ ಜೋರು ಎಲ್ಲಿಂದ ಬರುತ್ತದೆ ಎನ್ನುವುದು. ಇದು ನಿನಗೆ ಇಷ್ಟವಾಗುತ್ತದೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ನೂರಕ್ಕೂ ಹೆಚ್ಚು ಬಾಕ್ಸರ್‌ಗಳ ನೇರ ಬಲಗೈ ಏಟನ್ನು ಅಳೆದರು. ನುರಿತವರಲ್ಲಿ ಏಟಿನ ಜೋರಿನ ಸುಮಾರು ಶೇ 38 ಭಾಗ ಕಾಲಿನಿಂದ, ಶೇ 24ರಷ್ಟು ಮಾತ್ರ ಕೈಯಿಂದ. ಹೊಸಬರಲ್ಲಿ ತಿರುವುಮುರುವು: ಕೈಯಿಂದ ಶೇ 38, ಕಾಲಿನಿಂದ ಶೇ 16ರ ಆಸುಪಾಸು. ಮಿಕ್ಕಿದ್ದು ಎರಡೂ ಕಡೆ ಸೊಂಟ, ಬೆನ್ನು. ಹಾಗಾದರೆ ನಿನ್ನ ಕೋಚ್ ‘ಕಾಲು ನೋಡಿಕೋ’ ಎಂದಾಗ ಅವರು ನಿನ್ನ ಪವರ್ ಕಿತ್ತುಕೊಳ್ಳುತ್ತಿಲ್ಲ, ಅದರ ಬೇರಿಗೆ ನೀರು ಹಾಕುತ್ತಿದ್ದಾರೆ. ಕೆಲವು ವರ್ಷಗಳ ಹಿಂದೆ ಯಶವಂತಪುರ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದ. ತೋಳು ನೋಡಿದರೆ ಏನೂ ಇಲ್ಲ. ಆದರೆ ಮೂಟೆ ಹೊತ್ತು ಹಲಗೆ ಹತ್ತಿ ಲಾರಿಗೆ ಏರಿಸುವವನಿಗೆ ನೆಲವನ್ನು ತುಳಿದು ಬಲ ಮೇಲಕ್ಕೆ ತರುವುದು ಯಾರೂ ಹೇಳಿಕೊಡಬೇಕಿಲ್ಲ. ಮೂರು ತಿಂಗಳಲ್ಲಿ ಅವನ ನೇರ ಬಲಗೈ ಏಟು ಹಿಡಿಯಲು ಪ್ಯಾಡ್ ಒಳಗೆ ನಾನು ಸ್ಪಂಜು ಇಟ್ಟುಕೊಳ್ಳಬೇಕಾಯಿತು. ಅದೇ ಸಮಯಕ್ಕೆ ಜಿಮ್‌ನಲ್ಲಿ ಎದೆ ಬೆಳೆಸಿಕೊಂಡು ಬಂದ ಇನ್ನೊಬ್ಬನ ಏಟು ಪ್ಯಾಡ್ ಮೇಲೆ ಸದ್ದು ಮಾಡುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅವನ ಕಾಲು ಏರಿಗೆ, ಕೈ ನೀರಿಗೆ.

ಇನ್ನೊಂದು ಮಾತು. ಬೀಳಿಸುವ ಏಟು ಬಹಳ ಸಲ ಅತಿ ಜೋರಿನ ಏಟಾಗಿರುವುದಿಲ್ಲ, ಕಾಣದ ಏಟಾಗಿರುತ್ತದೆ. ಏಟು ಬರುವುದು ಕಂಡರೆ ಕುತ್ತಿಗೆ ಬಿಗಿಯಾಗುತ್ತದೆ, ಗದ್ದ ಎದೆಗೆ ಅಂಟುತ್ತದೆ. ಕಾಣದಿದ್ದರೆ ಗದ್ದದ ತುದಿಗೆ ಬಿದ್ದ ಸಾಧಾರಣ ಹುಕ್ (ಪಕ್ಕದಿಂದ ಬಾಗಿ ಬರುವ ಏಟು) ಕೂಡ ತಲೆಯನ್ನು ಸರಕ್ಕನೆ ತಿರುಗಿಸಿ ಮಿದುಳನ್ನು ಅಲುಗಿಸಿಬಿಡುತ್ತದೆ. ನಿನ್ನ ಬಲಗೈ ಹೊರಡುವ ಮುಂಚೆ ಭುಜ ಹಿಂದಕ್ಕೆ ಹೋಗುತ್ತಿರಬೇಕು, ನೋಡದೆಯೇ ಹೇಳುತ್ತೇನೆ. ಕೈ ಭಾರ ಇರುವವರೆಲ್ಲರಿಗೂ ಇರುವ ಅಭ್ಯಾಸ ಅದು. ಆ ಹುಡುಗನಿಗೆ ನೀನು ಮೊದಲೇ ಕಾಗದ ಬರೆದು ಆಮೇಲೆ ಹೋಗುತ್ತಿದ್ದೀಯ.

ಜಾರ್ಜ್ ಫೋರ್‌ಮನ್ ಬಗ್ಗೆ ಹೇಳದೆ ಈ ಉತ್ತರ ಮುಗಿಸಲು ನನ್ನಿಂದಾಗದು. 1973ರಲ್ಲಿ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡ್‌ನಲ್ಲಿ ಆರು ಸಲ ಕೆಡವಿ ಚಾಂಪಿಯನ್ ಆದವನು. ಮರುವರ್ಷ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಹಗ್ಗಕ್ಕೆ ಒರಗಿ ನಿಂತು ಅವನ ಏಟುಗಳನ್ನೆಲ್ಲ ತೋಳಿನ ಮೇಲೆ ತೆಗೆದುಕೊಂಡ. ಎಂಟನೇ ರೌಂಡ್ ಹೊತ್ತಿಗೆ ಫೋರ್‌ಮನ್‌ನ ಕೈಗಳು ಅವನಿಗೇ ಭಾರವಾಗಿದ್ದವು, ಅಲಿ ಕೆಡವಿದ. ಇಪ್ಪತ್ತು ವರ್ಷ ಕಳೆದು, 1994ರ ನವೆಂಬರ್‌ನಲ್ಲಿ, 45ರ ವಯಸ್ಸಿನ ಅದೇ ಫೋರ್‌ಮನ್ ಮೈಕೆಲ್ ಮೂರರ್ ಎಂಬ 26ರ ಚಾಂಪಿಯನ್ ಎದುರು ನಿಂತ. ಒಂಬತ್ತು ರೌಂಡ್ ಅಂಕಗಳಲ್ಲಿ ಹಿಂದೆ. ಆದರೆ ಈ ಸಲ ಅವನು ಬೀಸಲಿಲ್ಲ, ಏದುಸಿರು ಬಿಡಲಿಲ್ಲ. ಜ್ಯಾಬ್ ಹಾಕುತ್ತ, ಅಂಗುಲ ಅಂಗುಲವಾಗಿ ತನಗೆ ಬೇಕಾದ ಕಡೆ ಮೂರರ್‌ನನ್ನು ನಿಲ್ಲಿಸಿಕೊಂಡ. ಹತ್ತನೇ ರೌಂಡ್‌ನಲ್ಲಿ ಗಿಡ್ಡನೆಯ ಒಂದು ಬಲಗೈ. ಮೂರರ್ ಏಳಲಿಲ್ಲ. ಕೈಯ ಭಾರ 1974ರಲ್ಲೂ ಇತ್ತು, 1994ರಲ್ಲೂ ಇತ್ತು. ನಡುವೆ ಅವನು ಕಲಿತದ್ದು ತಾಳ್ಮೆ. 2025ರ ಮಾರ್ಚ್‌ನಲ್ಲಿ ಅವನು ತೀರಿಕೊಂಡ ಸುದ್ದಿ ಬಂದ ದಿನ ನಾನು ನಮ್ಮ ಮಕ್ಕಳಿಗೆಲ್ಲ ಆ ಎರಡು ಪಂದ್ಯಗಳನ್ನೂ ಒಂದರ ಹಿಂದೆ ಒಂದು ತೋರಿಸಿದೆ.

ನೀನು ಮಾಡಬೇಕಾದ್ದು: ಒಂದು ತಿಂಗಳು ಸ್ಪಾರಿಂಗ್‌ನಲ್ಲಿ ಎಡಗೈ ಮಾತ್ರ. ಬಲಗೈ ಗಲ್ಲಕ್ಕೆ ಅಂಟಿರಲಿ, ಆ 60 ಕೆ.ಜಿ. ಹುಡುಗನ ಜೊತೆಯೇ ಆಡು. ಮೊದಲ ವಾರ ತುಂಬ ಬೇಜಾರಾಗುತ್ತದೆ. ಅಳತೆ ಸಿಗಲು ಶುರುವಾದ ದಿನ ನಿನಗೇ ಗೊತ್ತಾಗುತ್ತದೆ, ಏಕೆಂದರೆ ಅವನ ಜ್ಯಾಬ್ ನಿನ್ನ ಮೂಗಿಗೆ ಒಂದು ಅಂಗುಲ ಮುಂಚೆ ನಿಂತುಹೋಗುತ್ತದೆ. ಆಮೇಲೆ ಬಲಗೈ ಬಿಚ್ಚು, ಮತ್ತೆ ನನಗೆ ಬರೆ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ, 46 ಕೆ.ಜಿ. ತುಂಬ ಆಸೆಯಿಂದ ಬಾಕ್ಸಿಂಗ್‌ಗೆ ಹೋಗುತ್ತಾಳೆ. ಮೊನ್ನೆ ಒಂದು ಕ್ಯಾಂಪ್‌ನಲ್ಲಿ ಯಾರೋ ‘ಈ ಹುಡುಗಿ ಏಟಲ್ಲಿ ದಮ್ಮಿಲ್ಲ, ಬೇರೆ ಆಟ ನೋಡಿಕೊಳ್ಳಲಿ’ ಎಂದರಂತೆ. ಮನೆಗೆ ಬಂದು ಅತ್ತಳು. ಅವಳನ್ನು ಮುಂದುವರಿಸಲೇ? ತಲೆಗೆ ಏಟು ಬೀಳುವ ಭಯವೂ ನನಗಿದೆ.
– ಒಬ್ಬ ತಾಯಿ, ಬಸವನಗುಡಿ

ಅಮ್ಮಾ, ಹದಿನಾಲ್ಕು ವರ್ಷದ ಮಗುವಿನ ಏಟು ತೂಗಿ ತೀರ್ಪು ಕೊಟ್ಟವರ ಮೇಲೆ ನನಗೆ ಸಿಟ್ಟು ಬಂತು. ಆ ವಯಸ್ಸಿನಲ್ಲಿ ಮೂಳೆಯೇ ಬೆಳೆದು ಮುಗಿದಿರುವುದಿಲ್ಲ. ಜೋರು ಎಲ್ಲಕ್ಕಿಂತ ಕೊನೆಗೆ ಬರುವ ಗುಣ, ಹದಿನೆಂಟು ಇಪ್ಪತ್ತಕ್ಕೆ ಬಂದರೂ ತಡವಲ್ಲ. ಕಾಲು, ಕಣ್ಣು, ಕೈಯ ಸರಾಗ ಇವು ಮಾತ್ರ ಈಗಲೇ ಕೂರಬೇಕು. ಈ ವಯಸ್ಸಿನಲ್ಲಿ ಜೋರು ಇರುವ ಮಕ್ಕಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಅವರು ಅದರಿಂದಲೇ ಗೆದ್ದುಗೆದ್ದು ಬೇರೇನೂ ಕಲಿಯುವುದಿಲ್ಲ. ಎಲ್ಲರೂ ಬೆಳೆದು ಸಮನಾದ ಮೇಲೆ ಅವರ ಕೈ ಬರಿದಾಗುತ್ತದೆ.

ಮೇರಿ ಕೋಮ್ ಅವರ ವಿಷಯ ಮಗಳಿಗೆ ಹೇಳಿ. ಆರು ಸಲ ವಿಶ್ವ ಚಾಂಪಿಯನ್ ಆದವರು. 2012ರ ಲಂಡನ್‌ನಲ್ಲಿ ಮೊದಲ ಸಲ ಮಹಿಳೆಯರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಾಗ ಇದ್ದದ್ದು ಮೂರೇ ತೂಕ: 51, 60, 75. ಅವರು ಅಲ್ಲಿಯವರೆಗೆ ವಿಶ್ವ ಪ್ರಶಸ್ತಿ ಗೆದ್ದಿದ್ದು 45, 46, 48ರಲ್ಲಿ. ಹುಟ್ಟಿನಿಂದಲೇ ತಮಗಿಂತ ದೊಡ್ಡ ಮೈಯವರ ಜೊತೆ 51ರಲ್ಲಿ ನಿಂತು ಕಂಚು ತಂದರು. ಒಳಗೆ ನುಗ್ಗಿ ಎರಡು ಮೂರು ಕೈ ಹಾಕಿ, ಎದುರಿನವರ ಕೈ ಬರುವಷ್ಟರಲ್ಲಿ ಪಕ್ಕಕ್ಕೆ ಹೊರಬಂದುಬಿಡುವುದು ಅವರ ಆಟ. ನಮ್ಮ ಹುಡುಗರಲ್ಲಿ ಅಮಿತ್ ಪಂಘಲ್ ಕೂಡ ಹಾಗೆಯೇ. ಗಿಡ್ಡ ಮೈಕಟ್ಟು. ಆದರೂ 2018ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಒಲಿಂಪಿಕ್ ಚಾಂಪಿಯನ್, ಉಜ್ಬೇಕಿಸ್ತಾನದ ದುಸ್ಮಾತೊವ್‌ನನ್ನೇ ಸೋಲಿಸಿದ.

ನನ್ನ ಹತ್ತಿರ ಕೆ.ಆರ್. ಮಾರ್ಕೆಟ್‌ನಲ್ಲಿ ಹೂ ಮಾರುವವರ ಮಗಳೊಬ್ಬಳು ಬರುತ್ತಾಳೆ. ಬೆಳಗಿನ ಜಾವ ಅಮ್ಮನ ಜೊತೆ ಮೊಳ ಹಾಕಿ ಹೂ ಕೊಟ್ಟು, ಐದೂವರೆಗೆ ಬಸ್ ಹತ್ತಿ ಬರುವವಳು. ಮೊದಲ ವರ್ಷ ಅವಳ ಏಟು ಪ್ಯಾಡ್‌ಗೆ ತಗುಲಿದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ಅಳತೆ! ತೋಳಿನಲ್ಲಿ ಮೊಳ ಹಾಕಿ ಹಾಕಿ ಆ ಮಗುವಿಗೆ ದೂರ ಎನ್ನುವುದು ಮೈಯಲ್ಲೇ ಬಂದುಬಿಟ್ಟಿತ್ತು. ಈಗ ಮೂರು ವರ್ಷ. ಅವಳಿಗಿಂತ ಜೋರಿನವರು ನಮ್ಮಲ್ಲಿ ನಾಲ್ವರಿದ್ದಾರೆ, ಅವಳನ್ನು ಸರಿಯಾಗಿ ಮುಟ್ಟುವವರು ಒಬ್ಬರೂ ಇಲ್ಲ.

ಇನ್ನು ನಿಮ್ಮ ಭಯ. ಅದು ನ್ಯಾಯವಾದದ್ದು, ಯಾರಾದರೂ ‘ಏನಾಗಲ್ಲ ಬಿಡಿ ಮೇಡಂ’ ಎಂದರೆ ಅಂಥವರ ಹತ್ತಿರ ಮಗಳನ್ನು ಬಿಡಬೇಡಿ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆ, ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಇದನ್ನು ಬಹಳ ಪೋಷಕರು ತಪ್ಪು ತಿಳಿದಿದ್ದಾರೆ. ಹಾಗಾಗಿ ಕೋಚ್‌ನ ಬಳಿ ಮೂರು ವಿಷಯ ಕೇಳಿ. ವಾರಕ್ಕೆ ಎಷ್ಟು ದಿನ ಸ್ಪಾರಿಂಗ್? ಈ ವಯಸ್ಸಿಗೆ ಒಂದು ದಿನ, ಅದೂ ಹಗುರ ಕೈಯಲ್ಲಿ, ಸಾಕು. ಜೋಡಿ ಹಾಕುವಾಗ ತೂಕ ನೋಡುತ್ತೀರಾ? ತಲೆಗೆ ಗಟ್ಟಿ ಏಟು ಬಿದ್ದರೆ ಏನು ಮಾಡುತ್ತೀರಿ? ಅಂಥ ದಿನ ಮಗುವನ್ನು ಮತ್ತೆ ರಿಂಗಿಗೆ ಬಿಡಲೇಬಾರದು. ತಲೆನೋವು, ವಾಂತಿ, ಮಂಪರು, ಬೆಳಕು ಸಹಿಸದಿರುವುದು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಸ್ಪರ್ಧೆಗಳಲ್ಲಿ ತಲೆಗೆ ಏಟು ಬಿದ್ದು ಪಂದ್ಯ ನಿಂತರೆ ಕನಿಷ್ಠ 30 ದಿನ ಆಡುವಂತಿಲ್ಲ ಎಂಬ ನಿಯಮವೇ ಇದೆ. ಅಭ್ಯಾಸದಲ್ಲಿ ಆದರೂ ನಾನು ಅದನ್ನೇ ಪಾಲಿಸುತ್ತೇನೆ, ಮಕ್ಕಳು ಎಷ್ಟೇ ಅತ್ತರೂ.

ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಮಗಳನ್ನು ಖಂಡಿತ ಮುಂದುವರಿಸಿ.

ಪ್ರಶ್ನೆ: ಅಮೆಚೂರ್ (ವೃತ್ತಿಪರವಲ್ಲದ) ಪಂದ್ಯದಲ್ಲಿ ಜೋರಾಗಿ ಹೊಡೆದರೆ ಹೆಚ್ಚು ಅಂಕ ಸಿಗುತ್ತದೆಯೇ? ಎದುರಾಳಿಯನ್ನು ಬೀಳಿಸಿದರೆ?
– ಪಿಯುಸಿ ವಿದ್ಯಾರ್ಥಿ, ಕಮಲಾನಗರ

ಇಲ್ಲ. ಮುಷ್ಟಿಯ ಗೆಣ್ಣಿನ ಭಾಗದಿಂದ, ತಲೆಯ ಮುಂಭಾಗ ಮತ್ತು ಪಕ್ಕ ಅಥವಾ ಬೆಲ್ಟ್‌ನ ಮೇಲಿನ ಮೈಗೆ, ತಡೆಯಿಲ್ಲದೆ ಸ್ವಚ್ಛವಾಗಿ ಬಿದ್ದ ಏಟುಗಳೆಷ್ಟು ಎಂದು ಜಡ್ಜ್‌ಗಳು ಮೊದಲು ನೋಡುತ್ತಾರೆ. ಆಮೇಲೆ ಆಟದ ಹಿಡಿತ ಯಾರ ಕೈಯಲ್ಲಿತ್ತು ಎನ್ನುವುದು. ಬೀಳಿಸಿದ್ದಕ್ಕೆ ಪ್ರತ್ಯೇಕ ಅಂಕ ಇಲ್ಲ, ರೆಫರಿ ಎಂಟರವರೆಗೆ ಎಣಿಸುತ್ತಾರೆ ಅಷ್ಟೇ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಬೇರೆ, ಅಲ್ಲಿ ಕೆಡವಿದವರಿಗೆ ಆ ರೌಂಡ್ ಸಾಮಾನ್ಯವಾಗಿ 10-8 ಆಗುತ್ತದೆ, ಅಂದರೆ ಬಿದ್ದವರಿಗೆ ಎರಡು ಅಂಕ ಕಡಿಮೆ. ಮತ್ತೆ ಸಮಯ ನೋಡು: ನಿನಗೆ ಸಿಗುವುದು ಮೂರು ನಿಮಿಷದ ಮೂರು ರೌಂಡ್. ವೃತ್ತಿಪರರಿಗೆ ಹನ್ನೆರಡರವರೆಗೆ ಇರುತ್ತದೆ. ಒಂದು ದೊಡ್ಡ ಏಟಿಗೆ ಕಾಯುತ್ತ ಕೂರಲು ಅವರಿಗೆ ಸಮಯವಿದೆ, ನಿನಗಿಲ್ಲ.

ಬ್ರಿಟನ್ನಿನ ಒಂದು ಅಳತೆಯಲ್ಲಿ ನುರಿತ ಬಾಕ್ಸರ್‌ಗಳ ಹಿಂದಿಟ್ಟ ಕೈಯ ನೇರ ಏಟು 4,800 ನ್ಯೂಟನ್ (ಬಲದ ಮಾನ) ಬಂದರೆ, ಮುಂದಿಟ್ಟ ಕೈಯದ್ದು 2,850ರ ಹತ್ತಿರ. ಅಂದರೆ ಜ್ಯಾಬ್‌ನಲ್ಲಿ ಜೋರು ಬಹಳ ಕಡಿಮೆ. ಆದರೂ ಯಾವ ಪಂದ್ಯ ನೋಡಿದರೂ ಎಲ್ಲರೂ ಅತಿ ಹೆಚ್ಚು ಹಾಕುವುದು ಅದನ್ನೇ. ಯಾಕೆಂದು ಯೋಚಿಸು.

ಪ್ರಶ್ನೆ: ಪಂಚ್ ಪವರ್ ಹೆಚ್ಚಿಸಲು ಎರಡೂ ಕೈಯಲ್ಲಿ 5 ಕೆ.ಜಿ. ಡಂಬೆಲ್ ಹಿಡಿದು ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಗೆ ಏಟು ಬಿಡುವ ಅಭ್ಯಾಸ) ಮಾಡುತ್ತಿದ್ದೇನೆ. ಭುಜ ನೋಯುತ್ತಿದೆ. ಮುಂದುವರಿಸಬಹುದೇ?
– ಆಟೋ ಚಾಲಕ, ಪೀಣ್ಯ

ಅಣ್ಣಾ, ಇವತ್ತೇ ನಿಲ್ಲಿಸಿ. ಡಂಬೆಲ್‌ನ ಭಾರ ಕೆಳಕ್ಕೆ ಎಳೆಯುತ್ತದೆ, ಏಟು ಹೋಗುವುದು ಮುಂದಕ್ಕೆ. ನೀವು ಗಟ್ಟಿ ಮಾಡುತ್ತಿರುವುದು ಕೈ ಎತ್ತಿ ಹಿಡಿಯುವ ಸ್ನಾಯುವನ್ನು, ಹೊಡೆಯುವುದನ್ನಲ್ಲ. ಅಷ್ಟು ಭಾರದಲ್ಲಿ ಕೈ ನಿಧಾನವಾಗುತ್ತದೆ, ಆ ನಿಧಾನವೇ ಅಭ್ಯಾಸವಾಗುತ್ತದೆ, ಭುಜದ ಕೀಲು ಹಾಳಾಗುತ್ತದೆ. ನೋವು ಎರಡು ವಾರದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ದಿನವಿಡೀ ಹ್ಯಾಂಡಲ್ ಹಿಡಿಯುವ ಭುಜ ಅದು, ನಿಮ್ಮ ಅನ್ನ.

ಬದಲಿಗೆ ಜೆ.ಸಿ. ರಸ್ತೆಯಲ್ಲಿ ಒಂದು ಹಳೆ ಲಾರಿ ಟೈರ್ ತನ್ನಿ. ಅದನ್ನು ಮಲಗಿಸಿ ಸುತ್ತಿಗೆಯಿಂದ ಎರಡೂ ಕಡೆಯಿಂದ ಹೊಡೆಯಿರಿ, ಇಪ್ಪತ್ತು ಇಪ್ಪತ್ತು. ಹೊಡೆಯುವಾಗ ಹಿಮ್ಮಡಿ ತಿರುಗಬೇಕು, ಸೊಂಟ ತಿರುಗಬೇಕು. ಇಳಿಜಾರು ಸಿಕ್ಕಲ್ಲಿ ಮೇಲಕ್ಕೆ ಚಿಕ್ಕ ಚಿಕ್ಕ ಓಟ ಓಡಿ. ಆಮೇಲೆ ಬ್ಯಾಗ್ ಮೇಲೆ ಹತ್ತು ಏಟು ಪೂರ್ತಿ ಜೋರಿನಲ್ಲಿ, ಒಂದು ನಿಮಿಷ ಆರಾಮ. ಸುಸ್ತಾದ ಮೇಲೆ ಜೋರಿನ ಅಭ್ಯಾಸ ಬೇಡ, ಸುಸ್ತಾದ ಮೈ ತಪ್ಪನ್ನೇ ಕಲಿಯುತ್ತದೆ. ನಮ್ಮಲ್ಲಿ ಬ್ಯಾಗ್‌ಗೆ ಚಿಕ್ಕಪೇಟೆಯ ದರ್ಜಿಗಳ ಬಟ್ಟೆ ಚೂರು ತುಂಬುತ್ತೇವೆ. ಮರಳು ತುಂಬಿದರೆ ತಳಕ್ಕೆ ಇಳಿದು ಕಲ್ಲಾಗುತ್ತದೆ, ಮಣಿಕಟ್ಟು ಹೋಗುತ್ತದೆ. ಬ್ಯಾಂಡೇಜ್ ಸುತ್ತದೆ ಒಂದು ಏಟೂ ಬೇಡ. ನನ್ನ ಕೈ ಮುರಿದ ಕಥೆ ಮೇಲೆಯೇ ಹೇಳಿದ್ದೇನೆ.

ಪ್ರಶ್ನೆ: ಏಟು ಹೊಡೆಯುವ ಶಕ್ತಿಗಿಂತ ಏಟು ತಿಂದು ನಿಲ್ಲುವ ಶಕ್ತಿಯೇ ದೊಡ್ಡದಲ್ಲವೇ? ‘ಗಟ್ಟಿ ಗದ್ದ’ ಇದ್ದರೆ ಯಾವ ಪವರ್ ಬಂದರೇನು?
– ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ಈ ಗುಣವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ, ಸರ್. ಪಂದ್ಯ ಗೆಲ್ಲಿಸುತ್ತದೆ ಎನ್ನುವುದು ನಿಜ. ಅಮೆರಿಕದ ಹೆವಿವೇಟ್ ಬಾಕ್ಸರ್ ಅರ್ನಿ ಶೇವರ್ಸ್‌ನಷ್ಟು ಜೋರಾಗಿ ಹೊಡೆಯುವವರು ಅಪರೂಪ ಎಂದು ಅವನ ಜೊತೆ ಆಡಿದವರೇ ಹೇಳಿದ್ದಾರೆ. 1979ರಲ್ಲಿ ಲ್ಯಾರಿ ಹೋಮ್ಸ್ ಅವನ ಬಲಗೈ ತಿಂದು ಏಳನೇ ರೌಂಡ್‌ನಲ್ಲಿ ನೆಲಕ್ಕೆ ಬಿದ್ದ, ಎದ್ದ, ಹನ್ನೊಂದನೇ ರೌಂಡ್‌ನಲ್ಲಿ ಗೆದ್ದ. ಅದಕ್ಕೂ ಮುಂಚೆ 1977ರಲ್ಲಿ ಮುಹಮ್ಮದ್ ಅಲಿ ಅದೇ ಶೇವರ್ಸ್ ಜೊತೆ 15 ರೌಂಡ್ ಆಡಿ ಅಂಕಗಳಲ್ಲಿ ಗೆದ್ದರು. ಆಗ ಅಲಿಗೆ 35. ಜನ ಅವರ ಗಟ್ಟಿತನಕ್ಕೆ ಚಪ್ಪಾಳೆ ತಟ್ಟಿದರು. ಆದರೆ ಅವರ ವೈದ್ಯ ಫರ್ಡಿ ಪಚೆಕೊ ಆ ಪಂದ್ಯದ ನಂತರ, ಇನ್ನು ಆಡಬಾರದು ಎಂದು ಹೇಳಿ, ಮಾತು ನಡೆಯದಿದ್ದಾಗ ಬಳಗವನ್ನೇ ಬಿಟ್ಟು ಹೊರಟುಹೋದರು. ಪಂದ್ಯದ ರಾತ್ರಿ ಚಪ್ಪಾಳೆ ತಟ್ಟಿದ ಅಷ್ಟು ಜನರಿಗಿಂತ ಆ ಒಬ್ಬ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚು.

ಏಟು ತಿಂದು ತಿಂದು ಬಾಕ್ಸರ್‌ಗಳ ನಡಿಗೆ, ಮಾತು, ನೆನಪು ಕೆಡುವುದನ್ನು ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು 1928ರಲ್ಲೇ ಬರೆದಿಟ್ಟಿದ್ದಾರೆ. ಬಿದ್ದ ಒಂದು ದೊಡ್ಡ ಏಟಿನ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ, ಬೀಳದೆ ತಡೆದುಕೊಂಡ ಸಾವಿರ ಏಟಿನ ಲೆಕ್ಕ ಯಾರೂ ಇಡುವುದಿಲ್ಲ. ನನ್ನ ಹುಡುಗನೊಬ್ಬ ‘ಮಾಸ್ಟರ್, ಎಷ್ಟು ಹೊಡೆದರೂ ನಾನು ಬೀಳಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ, ಆ ವಾರ ಅವನಿಗೆ ಸ್ಪಾರಿಂಗ್ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಮೆತ್ತನೆ ಚೆಂಡು ಎಸೆಯುತ್ತೇನೆ, ತಲೆ ತಪ್ಪಿಸಬೇಕು. ಆರು ದಿನ ಅದೇ ಕೆಲಸ.

ಪ್ರಶ್ನೆ: ನಾನು ನಗರ್ತಪೇಟೆಯ ಗರಡಿಯಲ್ಲಿ ಸಾಮು ಮಾಡಿದವನು, ಈಗ ಎಪ್ಪತ್ತೆರಡು. ನಮ್ಮ ಉಸ್ತಾದರು ‘ಮೊದಲು ಬಲ, ಆಮೇಲೆ ಪಟ್ಟು’ ಎನ್ನುತ್ತಿದ್ದರು. ಮೊಮ್ಮಗ ಬಾಕ್ಸಿಂಗ್‌ಗೆ ಸೇರಿದ್ದಾನೆ. ನೀವು ಬಲ ಕೊನೆಗೆ ಎನ್ನುತ್ತೀರಂತೆ. ಗರಡಿಯ ಸಾಮು ಅವನಿಗೆ ಉಪಯೋಗಕ್ಕೆ ಬರುವುದಿಲ್ಲವೇ?
– ಹಿರಿಯ ಓದುಗರು, ಬೆಂಗಳೂರು ಪೇಟೆ

ಯಜಮಾನರಿಗೆ ನಮಸ್ಕಾರ. ನಿಮ್ಮ ಉಸ್ತಾದರ ಮಾತು ಮಟ್ಟಿಯ ಮೇಲೆ ಪೂರ್ತಿ ಸರಿ. ಕುಸ್ತಿಯಲ್ಲಿ ಎದುರಾಳಿ ನಿಮ್ಮ ಕೈಯೊಳಗೇ ಇರುತ್ತಾನೆ. ನಿಮ್ಮ ಬಲ ಅವನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಹಿಡಿದ ಕ್ಷಣದಿಂದ ಅದು ಕೆಲಸ ಮಾಡುತ್ತಿರುತ್ತದೆ. ಬಾಕ್ಸಿಂಗ್‌ನಲ್ಲಿ ಹಿಡಿಯುವಂತಿಲ್ಲ. ಅವನು ನಾಲ್ಕು ಅಡಿ ದೂರ ನಿಂತಿರುತ್ತಾನೆ, ನಿಲ್ಲುವುದೂ ಇಲ್ಲ. ಬಲ ಅಲ್ಲಿಗೆ ಹೋಗಿ ಮುಟ್ಟಬೇಕು, ಮುಟ್ಟಿದ ಕ್ಷಣ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ನಾನು ಅಳತೆ ಮೊದಲು ಎನ್ನುವುದು ಇಷ್ಟಕ್ಕೇ. ಬಲ ಬೇಡ ಎಂದು ನಾನು ಯಾರಿಗೂ ಹೇಳಿಲ್ಲ.

ದಂಡೆ, ಬಸ್ಕಿ ಖಂಡಿತ ಮಾಡಿಸಿ. ಬಸ್ಕಿಯಷ್ಟು ಕಾಲು ಕಟ್ಟುವ ಸಾಮು ನನಗೆ ಬೇರೆ ಗೊತ್ತಿಲ್ಲ, ಕಾಲಿನಿಂದಲೇ ಏಟು ಬರುತ್ತದೆ ಎಂದು ಮೇಲೆ ಬರೆದಿದ್ದೇನೆ. ಹುಡುಗನಿಗೆ ವಯಸ್ಸು ಎಷ್ಟೆಂದು ನೀವು ಬರೆದಿಲ್ಲ. ಹದಿನಾರು ದಾಟಿದ್ದರೆ ಹಗುರ ಗದೆಯನ್ನೂ ತಿರುಗಿಸಲಿ. ಗದೆ ಹೆಗಲಿನ ಹಿಂದಿನಿಂದ ಸುತ್ತಿ ಬರುವಾಗ ಸೊಂಟ ತಿರುಗುವ ರೀತಿ ಇದೆಯಲ್ಲ, ಹುಕ್ ಹಾಕುವಾಗ ಬೇಕಾದ್ದು ಅದೇ. ಭಾನುವಾರ ಬೆಳಿಗ್ಗೆ ಆರಕ್ಕೆ ಮೊಮ್ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬನ್ನಿ. ನಿಮ್ಮ ಹಳೆಯ ಗದೆ ಮನೆಯಲ್ಲಿದ್ದರೆ ಅದನ್ನೂ ತನ್ನಿ. ಹೇಗೆ ತಿರುಗಿಸಬೇಕೆಂದು ನನ್ನ ಮಕ್ಕಳಿಗೂ ನೀವೇ ಒಂದು ಸಲ ಕೂತು ಹೇಳಿಕೊಟ್ಟರೆ, ಆ ದಿನ ಬ್ಯಾಗ್ ಕಟ್ಟುವುದೇ ಇಲ್ಲ.